ಏಳೂವರೆಯ ಮನೆ

ನಾಪೋಕ್ಲು ಸ್ಟ್ಯಾಂಡಿನಲ್ಲಿ ಜೀಪು ಹತ್ತುವಾಗಲೇ
ಹೇಳಿಬಿಟ್ಟರು: ಬೇರೆ ಯಾವುದೂ ಬೇಡ,
ನೀಲಿ ಬಾಗಿಲಿನದು, ಅದೊಂದೇ.

ರಾಣೆಬೆನ್ನೂರಿನವರು. ಬೀಜ, ಗೊಬ್ಬರದ ಅಂಗಡಿ.
ಗಂಡ ವೀರಭದ್ರಪ್ಪ, ತೊಡೆಯ ಮೇಲೆ ರೆಕ್ಸಿನ್ ಚೀಲ;
ಹೆಂಡತಿ ನಿಂಬೆವ್ವ, ಕಿಟಕಿಗೆ ಮುಖ ಕೊಟ್ಟು
ತಿರುವು ಬರುವ ಮೊದಲೇ ತಿರುವು ಹೇಳುತ್ತಾರೆ.
'ಈಗ ಸೇತುವೆ ಬರತೈತಿ ನೋಡ್ರಿ.' ಬಂತು.
'ಇಲ್ಲೇ ಆಕಿ ಬಸ್ ಇಳಿದದ್ದು.'
ಇಲ್ಲಿ ಯಾವ ಬಸ್ಸೂ ನಿಲ್ಲುವುದಿಲ್ಲ ಎಂದು
ನಾನು ಹೇಳಲಿಲ್ಲ. ದಲ್ಲಾಳಿಗೆ
ನಾಲಿಗೆಯಷ್ಟೇ ತುಟಿಯೂ ಬೇಕು.

ಧಾರಾವಾಹಿ ಮುಗಿದು ಎರಡು ವರ್ಷ.
ಸೆಂಟಿನ ಬೆಲೆ ಮಾತ್ರ ಇನ್ನೂ ನಟಿಸುತ್ತಿದೆ.
ಮೇಕೋರಿನಲ್ಲಿ ಈಗ ಸೌದೆ ಕೊಟ್ಟಿಗೆಗೂ ಒಂದು ಕಥೆ:
ಖಳನಾಯಕ ಅಡಗಿದ್ದು ಇದರ ಹಿಂದೆ,
ಹಾಗಾಗಿ ಎರಡು ಲಕ್ಷ ಜಾಸ್ತಿ.
ಮೊಣ್ಣಪ್ಪ ಹಂದಿಗೂಡಿನ ಗೋಡೆಗೆ
'ಶೂಟಿಂಗ್ ಆದ ಜಾಗ' ಎಂದು ಸುಣ್ಣದಲ್ಲಿ ಬರೆಸಿದ್ದಾನೆ.
ಹಂದಿಗಳಿಗೆ ಗೊತ್ತಿಲ್ಲ.

ಮನೆ ಬಂತು. ತೋಟದ ರೈಟರಿಗೆಂದು ಕಟ್ಟಿದ್ದು,
ತೋಟ ತುಂಡಾದಾಗ ಉತ್ತಯ್ಯ ಕೊಂಡದ್ದು,
ಮೂರು ಕೋಣೆ, ಒಂದು ಜಗಲಿ, ಹೆಂಚು.
ಚಪ್ಪಲಿ ಬಿಟ್ಟು ಒಳಹೋದ ನಿಂಬೆವ್ವ
ಅಷ್ಟೇ ಬೇಗ ಹೊರಬಂದರು.
'ಮೆಟ್ಟಲ ಎಲ್ಲೈತ್ರೀ?'
ಯಾವ ಮೆಟ್ಟಿಲು?
'ಹಿರೇ ಸೊಸಿ ಉರುಳಿ ಬಿದ್ದದ್ದರೀ. ಮ್ಯಾಲಿನ ಖೋಲಿ?
ದೇವರ ಮನಿ ಗಂಟಿ?'
ಉತ್ತಯ್ಯ ನನ್ನ ಮುಖ ನೋಡಿದ. ಅವನ ಮನೆಯಲ್ಲಿ
ಈ ತನಕ ಯಾರೂ ಬಿದ್ದಿಲ್ಲ.

ಮೆಟ್ಟಿಲು ಬೆಂಗಳೂರಿನ ಗೋಡೌನಿನಲ್ಲಿತ್ತಮ್ಮ, ಎಂದೆ.
ಪ್ಲೈವುಡ್ಡಿನದು. ಒಳಗಿನದೆಲ್ಲ ಅಲ್ಲೇ.
ಇಲ್ಲಿದ್ದದ್ದು ಮುಖ ಮಾತ್ರ.
ಈ ಬಾಗಿಲು ತಳ್ಳಿದವರು
ಘಟ್ಟ ಇಳಿದು, ಊರೂರು ದಾಟಿ, ಅಲ್ಲಿ ಹೋಗಿ ಕಾಲಿಡುತ್ತಿದ್ದರು.

ಗಂಡಸರು ಜಗಲಿಯ ತುದಿಗೆ ಸರಿದೆವು.
ಪಹಣಿಯಲ್ಲಿ ಎಷ್ಟು ಹೆಸರು? ನೀರು?
ಆನಿ ಬರತಾವೇನು? ಬರುತ್ತವೆ.
'ಟಿವಿಯಾಗ ತೋರಿಸಲಿಲ್ಲಲ್ಲ.'
ಅವುಗಳದ್ದು ರಾತ್ರಿ ಪಾಳಿ.

ಆಗ ಚೋಂದಮ್ಮ ಕಾಫಿ ತಂದಳು, ಸ್ಟೀಲು ಲೋಟ, ಬೆಲ್ಲದ್ದು.
'ಅಲ್ಲಲ್ಲ,' ಎಂದರು ನಿಂಬೆವ್ವ ಮೆಲ್ಲಗೆ,
'ಕಂಬದ ಬಲಕ್ಕ ನಿಂತು ಕೊಡ್ರಿ.'
ಚೋಂದಮ್ಮ ಸರಿದಳು. ಸೆರಗು ಎಳೆದುಕೊಂಡಳು.
ಕತ್ತು ಸ್ವಲ್ಪ ಎತ್ತಿ, ಯಾರೂ ಕೇಳದೆಯೇ,
'ಈ ಹೊಸ್ತಿಲು ದಾಟುವುದು ಸುಲಭ ಮಗಳೇ,
ದಾಟಿದ ಮೇಲೆ ತಿರುಗಿ ನೋಡುವುದು ಕಷ್ಟ.'

ಮೂವತ್ತೊಂದು ವರ್ಷದಲ್ಲಿ ಆ ಸ್ವರ
ಉತ್ತಯ್ಯ ಕೇಳಿರಲಿಲ್ಲ.
ನಿಂಬೆವ್ವ ಅದರ ಮುಂದಿನ ಮಾತು ಹೇಳಿದರು,
ಇವಳು ಅದರ ಮುಂದಿನದು.
ಕಾಫಿ ಆರಿತು. ವೀರಭದ್ರಪ್ಪ ಚೀಲದ ಜಿಪ್ಪನ್ನು
ಎಳೆದು, ಮುಚ್ಚಿ, ಎಳೆದು,
ನಾನು ಲೋಟದ ತಳ ನೋಡುತ್ತ.

ಆಮೇಲೆ ಚೋಂದಮ್ಮ ಅವಳದೇ ದನಿಯಲ್ಲಿ:
'ಶೂಟಿಂಗ್ ದಿನ ನಮ್ಮನ್ನು ಕಾಫಿ ಸ್ಟೋರಿನಲ್ಲಿ ಕೂರಿಸುತ್ತಿದ್ದರು,
ಫ್ರೇಮಿಗೆ ಬರಬೇಡಿ ಅಂತ.
ನೀಲಿ ಹಚ್ಚಿದ್ದೂ ಅವರೇ, ಇವರಿಗೆ ಸಿಟ್ಟು ಬಂದಿತ್ತು.
ಆದರೆ ಅಕ್ಕಾ, ನನ್ನ ಬಾಗಿಲನ್ನು ನಾನು
ಮೊದಲ ಸಲ ನೋಡಿದ್ದು ಟಿವಿಯಲ್ಲಿ.
ಅಲ್ಲಿಯವರೆಗೆ ತೆಗೆದಿದ್ದೆ, ಹಾಕಿದ್ದೆ.
ಈಗ ಮುಟ್ಟುವ ಮುಂಚೆ ಕೈ ಒರೆಸಿಕೊಳ್ಳುತ್ತೇನೆ.'

ವ್ಯಾಪಾರ ಆಗಲಿಲ್ಲ. ನಿಂಬೆವ್ವ ರೆಕ್ಸಿನ್ ಚೀಲಕ್ಕೆ ಕೈ ಹಾಕಿ
ಐನೂರರ ಒಂದೇ ನೋಟು ತೆಗೆದರು.
'ಬಣ್ಣ ಹೋದ್ರ ಇದೇ ನೀಲಿ ಹಚ್ಚಸ್ರಿ, ತಂಗಿ.'
ಉತ್ತಯ್ಯ ಬೇಡ ಎನ್ನುವಷ್ಟರಲ್ಲಿ
ಚೋಂದಮ್ಮ ಮಡಚಿ ಆಗಿತ್ತು.

ಶೇಕಡಾ ಎರಡರ ಲೆಕ್ಕದಲ್ಲಿ
ನನಗೆ ಹತ್ತು ರೂಪಾಯಿ ಬರಬೇಕು.

ಹಿಂದಿರುಗುವಾಗ ಸೇತುವೆ ಬಂತು.
ಹಿಂದಿನ ಸೀಟಿನಲ್ಲಿ ಯಾರೂ ಏನೂ ಹೇಳಲಿಲ್ಲ.
ನಾನೇ ಗೇರು ಬದಲಿಸಿ ನಿಧಾನ ಮಾಡಿದೆ,
ಯಾರೋ ಇಳಿಯುವವರಿದ್ದಂತೆ.